ಸ್ಮೃತಿ, ಸಾಕ್ಷಿ ಮತ್ತು ‘ನಾನು’: ದ್ವೈತ ವೇದಾಂತದಲ್ಲಿ ವ್ಯಕ್ತಿಯ ಏಕತೆ

ನಿನ್ನೆ ಕಂಡವನೂ ಇಂದು ನೆನೆಯುವವನೂ ಒಬ್ಬನೇ ಎನ್ನಲು ಆಧಾರವೇನು ಎಂಬ ಪ್ರಶ್ನೆ, ಪ್ರತಿಯೊಂದು ವಸ್ತುವೂ ಕ್ಷಣಮಾತ್ರವಿದ್ದು ಅಳಿಯುತ್ತದೆಂಬ ಬೌದ್ಧರ ಕ್ಷಣಿಕವಾದದ ಎದುರಿನಲ್ಲಿ ವೇದಾಂತಿಗಳಿಗೆ ತೀವ್ರವಾಗಿ ಒದಗಿತು. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಎರಡನೆಯ ಪಾದದಲ್ಲಿ, 25ನೆಯ ಸೂತ್ರದ ಭಾಷ್ಯದಲ್ಲಿ ಶಂಕರರು, ಹೊರಗಿನ ವಸ್ತುವಿನ ವಿಷಯದಲ್ಲಿ ಇದು ಅದೇಯೋ ಅಥವಾ ಅದರಂಥದೋ ಎಂಬ ಸಂಶಯ ಬರಬಹುದಾದರೂ ಅರಿಯುವವನಿಗೆ ತನ್ನ ವಿಷಯದಲ್ಲಿ ಅಂಥ ಸಂಶಯ ಬರುವುದಿಲ್ಲವೆಂದು ತೋರಿಸಿದರು. ವಾದ ಬಲವಾದದ್ದೇ. ಆದರೆ ಅದು ಗೆದ್ದುಕೊಟ್ಟ ‘ನಾನು’ ಅದ್ವೈತದಲ್ಲಿ ಕೊನೆಯವರೆಗೆ ನಿಲ್ಲುವುದಿಲ್ಲ, ಏಕೆಂದರೆ ಜೀವಜೀವರನ್ನು ಬೇರ್ಪಡಿಸುವ ವ್ಯಕ್ತಿತ್ವ ಅಲ್ಲಿ ಉಪಾಧಿಯಿಂದ, ಅಂದರೆ ದೇಹ ಮನಸ್ಸುಗಳಂಥ ಹೊರಗಿನ ಸೇರಿಕೆಯಿಂದ, ಬಂದದ್ದು. ವ್ಯಕ್ತಿಯಾಗಿಯೇ ಉಳಿಯುವ ಜೀವನನ್ನು ಸಮರ್ಥಿಸುವ ಹೊಣೆ ಉಡುಪಿಯ ಮಧ್ವಾಚಾರ್ಯರ (1238–1317) ದ್ವೈತ ಪರಂಪರೆಯ ಮೇಲೆ ಬಿತ್ತು.

ಈ ಪರಂಪರೆಯ ದಿಟ್ಟತನ ಮೊದಲು ಕಾಣುವುದು ಸ್ಮೃತಿಯ ವಿಚಾರದಲ್ಲಿ. ನೆನಪು ಹಿಂದಿನ ಅನುಭವವನ್ನೇ ಆಶ್ರಯಿಸಿದೆ ಎಂದು ನೈಯಾಯಿಕರೂ, ಅದು ಹೊಸದೇನನ್ನೂ ತಿಳಿಸದು ಎಂದು ಭಾಟ್ಟ ಮೀಮಾಂಸಕರೂ ಅದನ್ನು ಪ್ರಮಾಣದ, ಅಂದರೆ ಸರಿಯಾದ ಅರಿವಿನ, ಪಂಕ್ತಿಯಿಂದ ಹೊರಗಿಟ್ಟರು. ಮಧ್ವರಿಗಾದರೋ ವಸ್ತುವನ್ನು ಇರುವಂತೆಯೇ ಹಿಡಿಯುವುದಷ್ಟೇ ಪ್ರಮಾಣದ ಲಕ್ಷಣ. ಹೊಸತನ ಅದಕ್ಕೆ ಬೇಕಿಲ್ಲ. ಮಳಖೇಡದೊಡನೆ ಹೆಸರು ಬೆಸೆದುಕೊಂಡಿರುವ 14ನೆಯ ಶತಮಾನದ ಟೀಕಾಚಾರ್ಯ ಜಯತೀರ್ಥರು ‘ಪ್ರಮಾಣಪದ್ಧತಿ’ಯಲ್ಲಿ ಇದನ್ನು ಬೆಳೆಸಿ, ಸ್ಮೃತಿಯು ಮನಸ್ಸೆಂಬ ಇಂದ್ರಿಯದಿಂದ ಹುಟ್ಟುವ ಪ್ರತ್ಯಕ್ಷವೆಂದೂ, ಕಣ್ಣಿಗೂ ವಸ್ತುವಿಗೂ ಇರುವ ಸಂಬಂಧದ ಸ್ಥಾನದಲ್ಲಿ ಇಲ್ಲಿ ಸಂಸ್ಕಾರ, ಅಂದರೆ ಅನುಭವವು ಉಳಿಸಿಹೋದ ಅಚ್ಚು, ಕೆಲಸಮಾಡುತ್ತದೆಂದೂ ವಿವರಿಸಿದರು. ಇಂದಿಲ್ಲದ ವಸ್ತುವನ್ನು ಮನಸ್ಸು ಹೇಗೆ ಕಂಡೀತು ಎಂಬ ಆಕ್ಷೇಪಕ್ಕೆ ಅವರ ಉತ್ತರ ನೇರವಾದದ್ದು: ನೆನಪು ವಸ್ತುವನ್ನು ಇಂದಿನದಾಗಿ ಹಿಡಿಯುವುದಿಲ್ಲ, ‘ಆಗ ಹೀಗಿತ್ತು’ ಎಂದು ಕಳೆದ ಕಾಲದೊಡನೆ ಸೇರಿಸಿಯೇ ಹಿಡಿಯುತ್ತದೆ.

ಇಷ್ಟಾದರೂ ಜೀವನ ಏಕತೆಯನ್ನು ದ್ವೈತಿಗಳು ನೆನಪಿನ ಮೇಲೆ ಕಟ್ಟಲಿಲ್ಲ. ಸಾಕ್ಷಿಯ ಮೇಲೆ ಕಟ್ಟಿದರು. ಸಾಕ್ಷಿ ಎಂದರೆ ಜೀವನ ಸ್ವರೂಪವೇ ಆಗಿರುವ, ದೋಷ ತಟ್ಟದ ಇಂದ್ರಿಯ. ತಾನು, ತನ್ನ ಸುಖದುಃಖ, ಅರಿವು, ಕಾಲ ಇವೆಲ್ಲ ಅದಕ್ಕೆ ನೇರ ವಿಷಯ. ಗಾಢನಿದ್ರೆಯಿಂದ ಎದ್ದವನು ‘ಇಷ್ಟು ಹೊತ್ತು ಸುಖವಾಗಿ ಮಲಗಿದ್ದೆ, ಏನೂ ಗೊತ್ತಾಗಲಿಲ್ಲ’ ಎನ್ನುತ್ತಾನೆ. ಈ ಮಾತಿನ ಕೊನೆಯ ಭಾಗಕ್ಕೆ ಅದ್ವೈತಿಗಳು ಹೆಚ್ಚು ಒತ್ತುಕೊಟ್ಟು, ನಿದ್ರೆಯಲ್ಲಿ ಅಜ್ಞಾನದ ಅನುಭವವಿತ್ತೆಂದು ಸಾಧಿಸಿದರೆ, ದ್ವೈತಿಗಳಿಗೆ ‘ಇಷ್ಟು ಹೊತ್ತು’ ಎಂಬುದೂ ಅಷ್ಟೇ ಮುಖ್ಯ. ಮನಸ್ಸು ಅಡಗಿದ್ದಾಗಲೂ ಕಾಲವನ್ನು ಯಾರೋ ಕಂಡಿರಬೇಕು, ಕಾಣದ್ದನ್ನು ನೆನೆಯಲಾಗದು; ಹಾಗೆ ಕಂಡದ್ದು ಸಾಕ್ಷಿ. ಗಡಿಯಾರ ನೋಡಿ ಊಹಿಸಿದ್ದೆಂದು ಇದನ್ನು ತಳ್ಳಿಹಾಕುವುದೂ ಸುಲಭವಲ್ಲ, ಗಡಿಯಾರ ನೋಡುವ ಮುನ್ನವೇ ಆ ಮಾತು ಬಂದಿರುತ್ತದೆ.

ಇಂಗ್ಲೆಂಡಿನ ಜಾನ್ ಲಾಕ್ ತನ್ನ ಗ್ರಂಥದ 1694ರ ಎರಡನೆಯ ಆವೃತ್ತಿಗೆ ಸೇರಿಸಿದ ಅಧ್ಯಾಯದಲ್ಲಿ, ಪ್ರಜ್ಞೆ ಹಿಂದಿನ ಕೃತ್ಯದವರೆಗೆ ಚಾಚುವಷ್ಟು ದೂರ ವ್ಯಕ್ತಿಯೂ ಚಾಚುತ್ತಾನೆಂದು ಹೇಳಿ ವ್ಯಕ್ತಿಯ ಏಕತೆಯ ಭಾರವನ್ನು ನೆನಪಿನ ಮೇಲೆಯೇ ಹೊರಿಸಿದ. 1785ರಲ್ಲಿ ಥಾಮಸ್ ರೀಡ್ ಕೊಟ್ಟ ಪ್ರತ್ಯುದಾಹರಣೆ ಪ್ರಸಿದ್ಧ: ದಳಪತಿಗೆ ತರುಣ ಅಧಿಕಾರಿಯಾಗಿದ್ದಾಗಿನ ಸಾಹಸ ನೆನಪಿದೆ, ಆ ಅಧಿಕಾರಿಗೆ ಬಾಲ್ಯದಲ್ಲಿ ತಿಂದ ಏಟು ನೆನಪಿತ್ತು, ದಳಪತಿಗೆ ಮಾತ್ರ ಏಟು ಮರೆತಿದೆ, ಲಾಕ್‌ನ ಲೆಕ್ಕದಲ್ಲಿ ಅವನು ಆ ಬಾಲಕನೂ ಹೌದು, ಅಲ್ಲವೂ ಹೌದು. ಸ್ಮೃತಿಯು ಏಕತೆಯನ್ನು ತಿಳಿಸುತ್ತದೆಯೇ ಹೊರತು ಹುಟ್ಟಿಸುವುದಿಲ್ಲ ಎನ್ನುವ ದ್ವೈತಕ್ಕೆ ಈ ಉದಾಹರಣೆ ತಾಗುವುದೇ ಇಲ್ಲ.

ತಾಗುವುದು ಬೇರೊಂದು. ಬೆಂಗಳೂರಿನ ಉತ್ತರದ ಶೆಟ್ಟಿಹಳ್ಳಿ ನಗರದೊಳಗೆ ಸೇರಿದ ಮೇಲೆ ಹುಟ್ಟಿದವನೊಬ್ಬನಿಗೆ ತಾತನ ಜೊತೆ ಅಲ್ಲಿನ ರಾಗಿಹೊಲದ ಬದುವಿನ ಮೇಲೆ ನಡೆದದ್ದು ಸ್ಪಷ್ಟವಾಗಿ ನೆನಪಿದೆಯೆಂದೂ, ನಿಜವಾಗಿ ನಡೆದವನು ಅವನ ಅಣ್ಣನೆಂದೂ, ಮನೆಯವರು ಹೇಳುತ್ತಿದ್ದ ಮಾತು ಕಿವಿಯಿಂದ ನೆನಪಿಗೆ ಇಳಿದಿದೆಯೆಂದೂ ಭಾವಿಸಬಹುದು. ಹೊಲ ನಿಜ, ತಾತ ನಿಜ, ‘ನಾನು’ ಮಾತ್ರ ತಪ್ಪು. ಸಾಕ್ಷಿ ತಪ್ಪಲಾರದ್ದರಿಂದ ದೋಷವನ್ನು ಮನಸ್ಸಿನ ಮೇಲೆ ಹಾಕಬೇಕಾಗುತ್ತದೆ. ಹಾಕಿದೊಡನೆ, ನಡೆದವನು ನಾನೇ ಎಂಬ ಅಂಶವೂ ಮನಸ್ಸಿನ ಪಾಲಿಗೇ ಹೋಗಿ, ಸಾಕ್ಷಿಯ ಖಾತ್ರಿ ನೆನೆಯುತ್ತಿರುವ ಈಗಿನ ‘ನಾನು’ವಿಗೂ ಅದು ಕಂಡ ಕಾಲಕ್ಕೂ ಸೀಮಿತಗೊಳ್ಳುತ್ತದೆ. ಇಂಥ ನೆನಪು ಹುಸಿಯೆಂದು ಮುಂದೆ ಪರೀಕ್ಷೆಯಿಂದ ತಿಳಿಯುತ್ತದೆ ಎಂಬ ಸಮಾಧಾನ ಸಾಲದು, ಪರೀಕ್ಷೆಗೆ ಒದಗುವುದೂ ಬಹುಮಟ್ಟಿಗೆ ಇತರರ ನೆನಪೇ.

ಈ ತೊಡಕು ದ್ವೈತಕ್ಕೆ ಲಾಕ್‌ಗೆ ಆಗುವಷ್ಟು ತುರ್ತಿನದಾಗಿ ತೋರದಿರಲು ಕಾರಣವನ್ನು ಅದರ ಕರ್ಮವಿಚಾರದಲ್ಲಿ ಹುಡುಕಬೇಕು. ಲಾಕ್‌ಗೆ ‘ವ್ಯಕ್ತಿ’ ಎಂಬುದು ತಪ್ಪುಒಪ್ಪುಗಳ ಹೊಣೆ ನಿಗದಿಮಾಡುವ ನ್ಯಾಯದ ಪದ, ಆದ್ದರಿಂದ ಮಾಡಿದ್ದು ಮಾಡಿದವನಿಗೆ ತಿಳಿದಿರಬೇಕು. ಮಧ್ವಮತದಲ್ಲಾದರೋ ಫಲ ಕೊಡುವವನು ಸರ್ವಜ್ಞನಾದ ಹರಿ. ಹಿಂದಿನ ಜನ್ಮದ ಕೃತ್ಯ ಜೀವನಿಗೆ ಒಂದಿಷ್ಟೂ ನೆನಪಿಲ್ಲದಿದ್ದರೂ ಫಲ ದಾರಿ ತಪ್ಪುವುದಿಲ್ಲ, ಮುಕ್ತಿಯಲ್ಲಿ ಜೀವನು ಸವಿಯುವುದೂ ತನ್ನ ಬಾಳಿನ ಕಥೆಯನ್ನಲ್ಲ, ತನ್ನ ಸ್ವರೂಪದ ಆನಂದವನ್ನು.