ರಂಜಕ ಕರಗಿಸುವ ಬ್ಯಾಕ್ಟೀರಿಯಾ

ಮಣ್ಣಿನಲ್ಲಿ ಗಟ್ಟಿಯಾಗಿ ಸಿಕ್ಕಿಕೊಂಡಿರುವ ರಂಜಕವನ್ನು ಬಿಡಿಸಿ, ಬೇರು ಹೀರಬಲ್ಲ ಫಾಸ್ಫೇಟ್ ರೂಪದಲ್ಲಿ ನೀರಿಗೆ ಇಳಿಸುವ ಸೂಕ್ಷ್ಮಜೀವಿಗಳು. ಬ್ಯಾಸಿಲಸ್, ಸ್ಯೂಡೋಮೊನಾಸ್, ಎಂಟರೋಬ್ಯಾಕ್ಟರ್ ಮೊದಲಾದ ಹಲವು ಕುಲಗಳಲ್ಲಿ ಇಂಥವು ಇವೆ. ಪೆನಿಸಿಲಿಯಂ, ಆಸ್ಪರ್ಜಿಲಸ್ ಶಿಲೀಂಧ್ರಗಳಿಗೂ ಈ ಗುಣವಿದೆ. ಗೊಬ್ಬರದ ಅಂಗಡಿಯಲ್ಲಿ ಕೇಳುವಾಗ ರೈತರು ಹೇಳುವ ಹೆಸರು ‘ಪಿಎಸ್‌ಬಿ’.

ಮಣ್ಣಿನ ಒಟ್ಟು ರಂಜಕದಲ್ಲಿ ನೀರಿನಲ್ಲಿ ಕರಗಿರುವ ಪಾಲು ತೀರ ಅಲ್ಪ. ಸುಣ್ಣದಂಶ ಹೆಚ್ಚಿರುವ ಎರೆಮಣ್ಣಿನಲ್ಲಿ ಅದು ಕ್ಯಾಲ್ಸಿಯಂಗೆ ಅಂಟಿಕೊಂಡರೆ, ಹುಳಿಯಾದ ಕೆಂಪುಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂಗೆ ಅಂಟಿಕೊಳ್ಳುತ್ತದೆ. ಕಾಸು ಕೊಟ್ಟು ತಂದು ಹಾಕಿದ ಡಿಎಪಿ ಗೊಬ್ಬರದ ರಂಜಕಕ್ಕೂ ಇದೇ ಗತಿ. ಅದರಲ್ಲಿ ಆ ಸಾಲಿನ ಬೆಳೆಗೆ ದಕ್ಕುವುದು ಸಣ್ಣ ಪಾಲು. ಮೇಲಾಗಿ ರಂಜಕ ಮಣ್ಣಿನಲ್ಲಿ ಸರಿದಾಡುವುದು ಬಹಳ ನಿಧಾನ. ಬೇರಿನ ಸುತ್ತಲಿನ ಕೆಲವೇ ಮಿಲಿಮೀಟರ್ ಮಣ್ಣು ಬರಿದಾಯಿತೆಂದರೆ, ತುಸು ಆಚೆ ರಾಶಿ ಇದ್ದರೂ ಗಿಡ ಹಸಿದೇ ಇರುತ್ತದೆ.

ಆಮ್ಲಕ್ಕೆ ಮೂಳೆ ತನ್ನ ರಂಜಕ ಬಿಟ್ಟುಕೊಡುತ್ತದೆ ಎಂಬ ತಿಳಿವಳಿಕೆ ಮೊದಲು ಕಾರ್ಖಾನೆಗೆ ಬಂತು. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನ ಜಾನ್ ಬೆನೆಟ್ ಲಾಸ್ 1842ರಲ್ಲಿ ಗಂಧಕಾಮ್ಲ ಬಳಸಿ ಸೂಪರ್ ಫಾಸ್ಫೇಟ್ ತಯಾರಿಸಲು ಪೇಟೆಂಟ್ ಪಡೆದರು. ಅಂಥದೇ ಕೆಲಸವನ್ನು ಮಣ್ಣಿನ ಜೀವಿಗಳು ಸದ್ದಿಲ್ಲದೆ ಮಾಡುತ್ತಿವೆ ಎಂದು ಕಾಣಿಸಲು ಇನ್ನೂ ಅರವತ್ತು ವರ್ಷ ಹಿಡಿಯಿತು. 20ನೇ ಶತಮಾನದ ಆರಂಭದಲ್ಲಿ ಪ್ರಾಗ್‌ನ ಯೂಲಿಯಸ್ ಸ್ಟೊಕ್ಲಾಸ ಮೂಳೆಪುಡಿಯ ಮೇಲೆ ಬ್ಯಾಕ್ಟೀರಿಯಾಗಳ ಪ್ರಭಾವವನ್ನು ಪರೀಕ್ಷಿಸಿದರು. 1908ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಸ್ಯಾಕೆಟ್ ಮತ್ತು ಸಂಗಡಿಗರು, ಮೂಳೆಪುಡಿಯನ್ನೂ ಶಿಲಾರಂಜಕವನ್ನೂ ಕರಗಿಸುವ ಬ್ಯಾಕ್ಟೀರಿಯಾಗಳು ಸಾಧಾರಣ ಮಣ್ಣಿನಲ್ಲೇ ಇವೆ ಎಂದು ತೋರಿಸಿದರು.

1948 ಈ ಇತಿಹಾಸದಲ್ಲಿ ದೊಡ್ಡ ವರ್ಷ. ನೆದರ್ಲೆಂಡ್ಸ್‌ನ ಗೆರೆಟ್ಸನ್ ಗಿಡಗಳನ್ನು ಜೀವಾಣುಮುಕ್ತ ಮರಳಿನಲ್ಲೂ, ಮಣ್ಣಿನ ಸೂಕ್ಷ್ಮಜೀವಿಗಳನ್ನು ಬೆರೆಸಿದ ಮರಳಿನಲ್ಲೂ ಬೆಳೆಸಿದರು. ಜೀವಾಣುಗಳಿದ್ದ ಕಡೆ ಗಿಡ ಹೆಚ್ಚು ರಂಜಕ ಹೀರಿತ್ತು. ಅದೇ ವರ್ಷ ಸೋವಿಯತ್ ವಿಜ್ಞಾನಿ ಪಿಕೊವ್‌ಸ್ಕಯ ಪ್ರಕಟಿಸಿದ ಪೋಷಕ ಮಾಧ್ಯಮ ಇವತ್ತಿಗೂ ಪ್ರಯೋಗಾಲಯಗಳ ಬಳಕೆಯಲ್ಲಿದೆ. ಲೀಟರಿಗೆ 10 ಗ್ರಾಂ ಗ್ಲೂಕೋಸ್, 5 ಗ್ರಾಂ ಟ್ರೈಕ್ಯಾಲ್ಸಿಯಂ ಫಾಸ್ಫೇಟ್, ಜತೆಗೆ ಚಿಟಿಕೆಯಷ್ಟು ಲವಣಗಳು. ಅಗರ್ ಸೇರಿಸಿ ತಟ್ಟೆಗೆ ಸುರಿದರೆ ತಿಳಿ ಮಜ್ಜಿಗೆ ಹೆಪ್ಪುಗಟ್ಟಿದಂತೆ ಬೆಳ್ಳಗೆ ಕಾಣುತ್ತದೆ. ರಂಜಕ ಕರಗಿಸುವ ಬ್ಯಾಕ್ಟೀರಿಯಾ ಅದರ ಮೇಲೆ ಬೆಳೆದಾಗ ಕೆಲವು ದಿನಗಳಲ್ಲಿ ಅದರ ಸುತ್ತ ಬಿಳುಪು ಕರಗಿ, ಗಾಜಿನಂತೆ ತಿಳಿಯಾದ ಉಂಗುರ ಮೂಡುತ್ತದೆ. ಬರಿಗಣ್ಣಿಗೆ ಕಾಣುವ ಈ ಉಂಗುರ ಸಂಶೋಧಕರಿಗೆ ದಾರಿ ತೋರಿತು. ಎಷ್ಟೋ ಸಲ ದಾರಿ ತಪ್ಪಿಸಿತು ಕೂಡ.

ಸೋವಿಯತ್ ಒಕ್ಕೂಟದಲ್ಲಿ ಮೆನ್ಕಿನ 1930ರ ದಶಕದಲ್ಲೇ ಬ್ಯಾಸಿಲಸ್ ಮೆಗಾಟೀರಿಯಂನ ಒಂದು ಬಗೆಯನ್ನು ಬೇರ್ಪಡಿಸಿದ್ದರು. ‘ಫಾಸ್ಫೊಬ್ಯಾಕ್ಟರಿನ್’ ಹೆಸರಿನಲ್ಲಿ ಅದನ್ನು ವಿಶಾಲ ಪ್ರದೇಶದಲ್ಲಿ ಬಿತ್ತನೆ ಬೀಜಕ್ಕೆ ಲೇಪಿಸಲಾಯಿತು, ಒಳ್ಳೆಯ ಇಳುವರಿಯ ವರದಿಗಳೂ ಬಂದವು. ಅಮೆರಿಕದ ಕೃಷಿ ಇಲಾಖೆಯ ಸ್ಮಿತ್, ಆಲಿಸನ್ ಮತ್ತು ಸೌಲಿಡಿಸ್ ಪ್ರಯೋಗಾಲಯ, ಹಸಿರುಮನೆ, ಹೊಲ ಮೂರರಲ್ಲೂ ಪರೀಕ್ಷಿಸಿ 1962ರಲ್ಲಿ ವರದಿ ಕೊಟ್ಟಾಗ, ಅಷ್ಟು ಭರವಸೆಗೆ ಆಧಾರ ಸಿಗಲಿಲ್ಲ.

ಕರಗುವುದು ಹೇಗೆ ಎಂಬುದು ಈ ನಡುವೆ ಬಿಡಿಸಿಕೊಳ್ಳತೊಡಗಿತ್ತು. 1950ರ ದಶಕದ ಕೊನೆಗೆ ಆಸ್ಟ್ರೇಲಿಯಾದಲ್ಲಿ ಸ್ಪರ್ಬರ್, ಸ್ಕಾಟ್ಲೆಂಡಿನಲ್ಲಿ ಡಫ್ ಮತ್ತು ವೆಬ್ಲಿ ಜೀವಾಣುಗಳು ಸ್ರವಿಸುವ ಸಾವಯವ ಆಮ್ಲಗಳತ್ತ ಬೆರಳು ತೋರಿಸಿದರು. ಇವು ಸುತ್ತಲಿನ ನೀರನ್ನು ಹುಳಿಯಾಗಿಸುವುದಲ್ಲದೆ ಕ್ಯಾಲ್ಸಿಯಂ, ಕಬ್ಬಿಣಗಳನ್ನು ತಾವೇ ಹಿಡಿದಿಟ್ಟುಕೊಂಡು ಫಾಸ್ಫೇಟನ್ನು ಬಿಡುಗಡೆ ಮಾಡುತ್ತವೆ. ಕೊಳೆತ ಸೊಪ್ಪು, ಕೊಟ್ಟಿಗೆ ಗೊಬ್ಬರದ ಸಾವಯವ ರಂಜಕದ ದಾರಿ ಬೇರೆ. ಅಲ್ಲಿ ಫಾಸ್ಫಟೇಸ್, ಫೈಟೇಸ್ ಕಿಣ್ವಗಳ ಕೆಲಸ.

1987ರಲ್ಲಿ ಗೋಲ್ಡ್‌ಸ್ಟೈನ್ ಮತ್ತು ಲಿಯು ಎರ್ವಿನಿಯ ಹರ್ಬಿಕೋಲ ಎಂಬ ಬ್ಯಾಕ್ಟೀರಿಯಾದ ಒಂದು ತುಂಡು ಡಿಎನ್‌ಎಯನ್ನು ಇ. ಕೊಲೈಗೆ ಸೇರಿಸಿದರು. ಆವರೆಗೆ ಬಿಳಿ ತಟ್ಟೆಯ ಮೇಲೆ ಸುಮ್ಮನೆ ಕೂತಿರುತ್ತಿದ್ದ ಇ. ಕೊಲೈ ರಂಜಕ ಕರಗಿಸತೊಡಗಿತು! ಗ್ಲೂಕೋಸನ್ನು ಗ್ಲುಕೋನಿಕ್ ಆಮ್ಲವಾಗಿಸುವ ಕಿಣ್ವ ಇ. ಕೊಲೈಯಲ್ಲಿ ಮೊದಲೇ ಇತ್ತು. ಆ ಕಿಣ್ವಕ್ಕೆ ಬೇಕಾದ ಪಿಕ್ಯೂಕ್ಯೂ ಎಂಬ ಜತೆಗಾರ ಅಣು ಮಾತ್ರ ಇರಲಿಲ್ಲ. ಈ ಆಮ್ಲ ತಯಾರಾಗುವುದು ಜೀವಕೋಶದ ಹೊರಪೊರೆಗೂ ಒಳಪೊರೆಗೂ ನಡುವಿನ ಜಾಗದಲ್ಲಿ. ಆದ್ದರಿಂದ ಹೊರಗೆ ಹರಿಯಲು ತಡವಿಲ್ಲ.

ಭಾರತದಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ 1960ರ ದಶಕದಿಂದ ಈ ಕೆಲಸಕ್ಕೆ ಕೈ ಹಾಕಿತು. ಆದರೆ ಎರೆಭೂಮಿಯ ರೈತರ ಮಟ್ಟಿಗೆ ಅತಿ ಮುಖ್ಯವಾದ ಪ್ರಶ್ನೆ ಎತ್ತಿದ್ದು ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ಜ್ಞಾನೇಶ್ವರ್, ನರೇಶ್ ಕುಮಾರ್ ಮತ್ತು ಸಂಗಡಿಗರು. ಪಿಕೊವ್‌ಸ್ಕಯ ತಟ್ಟೆಯಲ್ಲಿ ಒಂದಿಷ್ಟು ಆಮ್ಲ ಸಾಕು, ಉಂಗುರ ಮೂಡುತ್ತದೆ. ಸುಣ್ಣ ತುಂಬಿದ ಎರೆಮಣ್ಣಾದರೋ ಬಂದ ಆಮ್ಲವನ್ನೆಲ್ಲ ನುಂಗಿ ತನ್ನ ಕ್ಷಾರಗುಣ ಉಳಿಸಿಕೊಳ್ಳುತ್ತದೆ. ಇದನ್ನೇ ಅನುಕರಿಸುವ ಮಾಧ್ಯಮದಲ್ಲಿ ಪರೀಕ್ಷಿಸಿದಾಗ ಹೆಸರಾದ ತಳಿಗಳೂ ಸೋತವು ಎಂದು 1998ರಲ್ಲಿ ಅವರು ತೋರಿಸಿದರು. ಮರುವರ್ಷ ಅಂಥ ಮಣ್ಣಲ್ಲೂ ರಂಜಕ ಬಿಡಿಸುವ ಎಂಟರೋಬ್ಯಾಕ್ಟರ್ ಆಸ್ಬುರಿಯೆಯ ವಿವರ ಪ್ರಕಟಿಸಿದರು. ಅದು ಸಿಕ್ಕಿದ್ದು ತೊಗರಿಯ ಬೇರಿನ ಬಳಿಯಲ್ಲಿ. ತೊಗರಿ ಬೇರಿನ ರಂಜಕ ಚತುರತೆ ಮೊದಲೇ ಗೊತ್ತಿತ್ತು: ಕಬ್ಬಿಣಕ್ಕೆ ಅಂಟಿದ ರಂಜಕವನ್ನು ಬಿಡಿಸುವ ಪಿಸಿಡಿಕ್ ಆಮ್ಲವನ್ನು ಅದು ಸ್ರವಿಸುತ್ತದೆ ಎಂದು ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನಲ್ಲಿ ಜಪಾನಿನ ನೊರಿಹಾರು ಆಯೆ ಮತ್ತು ತಂಡ 1990ರಲ್ಲಿ ವರದಿ ಮಾಡಿತ್ತು. ಕಲಬುರಗಿ ಸೀಮೆಯವರು ತಲೆಮಾರುಗಳಿಂದ ನೆಚ್ಚಿದ ಬೆಳೆಯ ಬುಡದಲ್ಲೇ ಇಷ್ಟೆಲ್ಲ ನಡೆದಿತ್ತು ಎಂಬುದು ನನಗಂತೂ ಬಹಳ ಸಂತೋಷದ ಸಂಗತಿ.

2006ರಲ್ಲಿ ಜೈವಿಕ ಗೊಬ್ಬರಗಳು ಕೇಂದ್ರದ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ಬಂದವು. ಪಿಎಸ್‌ಬಿಗೆ ನಿಗದಿಯಾದ ಪರೀಕ್ಷೆಗಳಲ್ಲಿ ಒಂದು, ತಟ್ಟೆಯ ಮೇಲೆ ಕನಿಷ್ಠ 5 ಮಿಲಿಮೀಟರ್ ಉಂಗುರ. ಮಾರುಕಟ್ಟೆಗೆ ಬರುವ ಪುಡಿ ಬದುಕಿದೆಯೇ, ಕೆಲಸ ಮಾಡುತ್ತದೆಯೇ ಎಂದು ನೋಡಲು ಇದು ಬೇಕು. ಎರೆಹೊಲಕ್ಕೆ ಒಯ್ಯುವ ತಳಿಗೆ ಬರೋಡಾದವರ ಪರೀಕ್ಷೆಯೂ ಆಗಬೇಕೆಂಬುದು ಈ ಲೇಖಕನ ಅಭಿಪ್ರಾಯ. ಹೊಲದಲ್ಲಿ ಇದರ ಬಳಕೆ ಸರಳ: ಬೀಜಕ್ಕೆ ಬೆಲ್ಲದ ಅಂಟುನೀರು ಚಿಮುಕಿಸಿ, ಪುಡಿ ಹತ್ತುವಂತೆ ಕೈಯಾಡಿಸಿ, ನೆರಳಲ್ಲಿ ಆರಿಸಿ, ಅಂದೇ ಬಿತ್ತುವುದು. ಬಿಸಿಲಿಗಿಟ್ಟರೆ ಜೀವಾಣು ಸಾಯುತ್ತವೆ. ಹೊಲದಲ್ಲಿ ಕೊಟ್ಟಿಗೆ ಗೊಬ್ಬರ ಇರಬೇಕು. ಆಮ್ಲ ಮಾಡಲು ಜೀವಾಣುಗಳಿಗೂ ತಿನ್ನಲು ಇಂಗಾಲ ಬೇಕು.