ಬಂಕು ಎದ್ದುಹೋದ ಮೇಲೆ ನೆಲದಲ್ಲಿ ಉಳಿದದ್ದು

ಪೆಟ್ರೋಲ್ ಬಂಕಿನ ಒಂದು ನಿತ್ಯದ ಕೆಲಸ ಗಿರಾಕಿಗಳ ಗಮನಕ್ಕೆ ಬರುವುದು ಕಡಿಮೆ. ಡಿಪ್ ರಾಡಿನ ತುದಿಗೆ ಪೇಸ್ಟ್ ಬಳಿದು ನೆಲದಡಿಯ ಟ್ಯಾಂಕಿಗೆ ಇಳಿಸುತ್ತಾರೆ. ಪೇಸ್ಟಿನ ಬಣ್ಣ ತಿರುಗಿದರೆ ತಳದಲ್ಲಿ ನೀರು ಸೇರಿದೆ ಎಂದು ಲೆಕ್ಕ. ಪೆಟ್ರೋಲಿಗೆ ನೀರು ಬಂತೇ ಎಂದು ನೋಡುವ ನಮಗೆ, ನೀರಿಗೆ ಪೆಟ್ರೋಲ್ ಹೋಯಿತೇ ಎಂದು ನೋಡುವ ಅಭ್ಯಾಸ ಇನ್ನೂ ಬಂದಿಲ್ಲ.

1934ರ ಪೆಟ್ರೋಲಿಯಂ ಕಾಯ್ದೆಗೆ ಇದ್ದದ್ದು ಮುಖ್ಯವಾಗಿ ಬೆಂಕಿಯ ಭಯ. ಟ್ಯಾಂಕುಗಳನ್ನು ಮಣ್ಣಲ್ಲಿ ಹೂಳುವುದರ ಹಿಂದೆಯೂ ಅದೇ ಭಯ. ಬೆಂಕಿಯಿಂದ ಪಾರಾದ ಉಕ್ಕಿನ ಟ್ಯಾಂಕು ತುಕ್ಕಿಗೆ ಸಿಕ್ಕಿ ಸೋರಿತು.

ಸೋರಿದ್ದನ್ನು ಹುಡುಕುವ ವಿದ್ಯೆ ಬೆಳೆದದ್ದು ಹೆಚ್ಚಾಗಿ ಅಮೆರಿಕದಲ್ಲಿ, ಪೆಟ್ಟು ತಿಂದ ಮೇಲೆ. 1972ರಲ್ಲಿ ಪೆನ್ಸಿಲ್ವೇನಿಯಾದ ಆಂಬ್ಲರಿನಲ್ಲಿ ಪೆಟ್ರೋಲ್ ಕೊಳವೆ ಸೋರಿದಾಗ ವಿಜ್ಞಾನಿ ರಿಚರ್ಡ್ ರೇಮಂಡ್ ನೆಲದೊಳಗಿನ ಸೂಕ್ಷ್ಮಜೀವಿಗಳಿಗೆ ಗಾಳಿ, ಪೋಷಕಾಂಶ ಉಣಿಸಿ ಅವುಗಳಿಂದಲೇ ಎಣ್ಣೆ ತಿನ್ನಿಸಿದರು. 1979ರಲ್ಲಿ ಮಿನ್ನೆಸೋಟದ ಬೆಮಿಜಿ ಬಳಿ ಕಚ್ಚಾತೈಲದ ಕೊಳವೆ ಒಡೆದು ಸುಮಾರು 17 ಲಕ್ಷ ಲೀಟರ್ ಚೆಲ್ಲಿತು. ಎತ್ತಲಾಗದೆ ಉಳಿದ ಎಣ್ಣೆಯ ನಡೆಯನ್ನು ಅಲ್ಲಿನ ಭೂವಿಜ್ಞಾನಿಗಳು ದಶಕಗಳ ಕಾಲ ಹಿಂಬಾಲಿಸಿದರು. ನೆಲದಡಿಯ ಟ್ಯಾಂಕುಗಳಿಗೆ ಅಲ್ಲಿ ಕಾನೂನು ಬಂದದ್ದು 1984ರಲ್ಲಿ. 1988ರ ನಿಯಮ ಹಳೆಯ ಟ್ಯಾಂಕುಗಳ ಸುಧಾರಣೆಗೆ ಹತ್ತು ವರ್ಷ ಗಡುವು ಕೊಟ್ಟಿತು. ಈವರೆಗೆ ಅಲ್ಲಿ ದೃಢಪಟ್ಟ ಸೋರಿಕೆಗಳು ಐದು ಲಕ್ಷಕ್ಕೂ ಹೆಚ್ಚು.

ಎಣ್ಣೆ ಅಂತರ್ಜಲದ ಮೇಲೆ ದೋಸೆಯಂತೆ ಹರಡಿ ಕೂರುತ್ತದೆ ಎಂದು ಮೊದಲು ನಂಬಿದ್ದರು. ಪರೀಕ್ಷಾ ಬಾವಿಯಲ್ಲಿ ಕಾಣುವ ಎಣ್ಣೆಯ ದಪ್ಪವನ್ನೇ ನೆಲದೊಳಗಿನ ದಪ್ಪವೆಂದು ತಿಳಿದು ಮೋಸಹೋದವರೂ ಉಂಟು. ಮಣ್ಣಿನ ರಂಧ್ರಗಳಲ್ಲಿ ನೀರು, ಗಾಳಿ, ಎಣ್ಣೆ ಮೂರೂ ಜಾಗ ಹಂಚಿಕೊಳ್ಳುತ್ತವೆ ಎಂಬ ಲೆಕ್ಕಾಚಾರ ಗಟ್ಟಿಯಾದದ್ದು 1990ರ ಸುಮಾರಿಗೆ. 1995ರಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯ ಒಂದು ಸಮಾಧಾನದ ಮಾತು ಹೇಳಿತು: ಪೆಟ್ರೋಲಿನಿಂದ ನೀರಿಗೆ ಕರಗಿದ ವಿಷಕಾರಿ ಬೆಂಜೀನ್ ಹೆಚ್ಚಿನ ಕಡೆ 250 ಅಡಿ ದಾಟುವ ಮೊದಲೇ ಜೀವಾಣುಗಳ ಬಾಯಿಗೆ ಬೀಳುತ್ತದೆ.

ಈ ಸಮಾಧಾನವನ್ನು ಹಾಸನಕ್ಕೆ ತರಲು ನನಗೆ ಧೈರ್ಯವಿಲ್ಲ. ಹಾಸನದ ಬಳಿಯ ಮೊಸಳೆ ಎಂಬ ಊರಿನ ಜೋಡಿ ಗುಡಿಗಳಾದ ನಾಗೇಶ್ವರ, ಚೆನ್ನಕೇಶವಗಳನ್ನು ನೋಡಿಕೊಂಡು ಹೊಳೆನರಸೀಪುರದ ಕಡೆ ಹೊರಟರೆ ಕಾಲಡಿ ಸಿಗುವುದು 300 ಕೋಟಿ ವರ್ಷಕ್ಕೂ ಹಳೆಯ ನೈಸ್ ಮತ್ತು ಶಿಸ್ಟ್ ಶಿಲೆ. ಕ್ಯಾಲಿಫೋರ್ನಿಯಾದ ಲೆಕ್ಕ ಬಹುಪಾಲು ಮರಳು, ಜೇಡಿಮಣ್ಣಿನದು. ಇಲ್ಲಿ ಮೇಲಿನ ಶಿಥಿಲ ಪದರದ ಕೆಳಗೆ ನೀರು ಹರಿಯುವುದು ಬಿರುಕುಗಳಲ್ಲಿ. ಬಂಕಿನ ಪಕ್ಕದ ಬಾವಿ ಚೊಕ್ಕವಾಗಿದ್ದು, ದೂರದ ತೋಟದ ಬೋರ್‌ವೆಲ್ ವಾಸನೆ ಹೊಡೆಯಬಹುದು. ನೀರು ಎತ್ತಿದಷ್ಟೂ ಸೆಲೆಯ ದಿಕ್ಕು ತಿರುಗುತ್ತದೆ.

ನೀರು ಕೆಡಿಸುವ ಅಳತೆಯೂ ಬಹಳ ಸಣ್ಣದು. ಕುಡಿಯುವ ನೀರಿನಲ್ಲಿ ಬೆಂಜೀನ್ ಲೀಟರಿಗೆ 10 ಮೈಕ್ರೊಗ್ರಾಂ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಒಂದೇ ಗ್ರಾಂ ಸಾಕು, ಒಂದು ಲಕ್ಷ ಲೀಟರ್ ನೀರು ಆ ಗೆರೆ ಮುಟ್ಟಲು. ನಮ್ಮ ಪೆಟ್ರೋಲಿನಲ್ಲಿ ಶೇ. 1ರವರೆಗೆ ಬೆಂಜೀನ್ ಇರಬಹುದು. ಸೀಸ ಬೆರೆತ ಪೆಟ್ರೋಲ್ ಮಾರುತ್ತಿದ್ದ ಕಾಲದಲ್ಲಿ, ಅಂದರೆ 2000ಕ್ಕೂ ಮೊದಲು, ಮುಚ್ಚಿದ ಬಂಕಾದರೆ ಮಣ್ಣಲ್ಲಿ ಸೀಸವನ್ನೂ ಹುಡುಕಬೇಕು. ಈಗಿನ ಶೇ. 20ರ ಎಥನಾಲ್ ಮಿಶ್ರಣದ್ದು ಬೇರೆಯೇ ತಂಟೆ: ಜೀವಾಣುಗಳು ಮೊದಲು ಎಥನಾಲ್ ತಿಂದು ಆಮ್ಲಜನಕ ಮುಗಿಸುತ್ತವೆ, ಬೆಂಜೀನ್ ಅಷ್ಟರಲ್ಲಿ ಮುಂದೆ ಹೋಗಿರುತ್ತದೆ.

ನಮ್ಮಲ್ಲಿ ಜ್ಞಾನಕ್ಕೆ ಬರವಿದೆ ಎಂದೂ ಹೇಳುವಂತಿಲ್ಲ. ಉಡುಪಿ ಜಿಲ್ಲೆಯ ಪಾದೂರಿನಲ್ಲಿ ಬಂಡೆ ಕೊರೆದು 25 ಲಕ್ಷ ಟನ್ ಕಚ್ಚಾತೈಲ ಇಡುವ ಗುಹೆಗಳನ್ನು ಮಾಡಿದ್ದಾರೆ. ಅಲ್ಲಿ ಎಣ್ಣೆಯನ್ನು ಕಾಯುವುದು ಸುತ್ತಲಿನ ಅಂತರ್ಜಲದ ಒತ್ತಡವೇ. ಎಣ್ಣೆಯ ಕಾವಲಿಗೆ ನೀರನ್ನು ಅಳೆಯಲು ಬಲ್ಲವರಿಗೆ ನೀರಿನ ಕಾವಲಿಗೆ ಅಳೆಯಲು ಬಾರದೇ?

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಜನವರಿಯಲ್ಲಿ ಹೊಸ ಬಂಕುಗಳು ಶಾಲೆ, ಆಸ್ಪತ್ರೆ, ವಸತಿಗಳಿಂದ 50 ಮೀಟರ್ ದೂರವಿರಲಿ ಎಂದಿತು. ಹಳೆಯವು ಇದ್ದಲ್ಲೇ ಉಳಿದವು. 2025ರ ಜುಲೈನಲ್ಲಿ ಕಲುಷಿತ ಸ್ಥಳಗಳ ನಿರ್ವಹಣೆಗೆಂದೇ ಕೇಂದ್ರದ ನಿಯಮಗಳು ಬಂದವು. ಅವುಗಳ ಪ್ರಕಾರ ಸ್ಥಳೀಯ ಸಂಸ್ಥೆಗಳು, ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಶಂಕಿತ ಜಾಗಗಳ ಪಟ್ಟಿ ಕೊಡಬೇಕು. ಹಾಸನದ ಪಟ್ಟಿ ಬರೆಯುವವರು ಹೆದ್ದಾರಿ ಪಕ್ಕದಲ್ಲಿ ಮುಚ್ಚಿಹೋದ ಬಂಕುಗಳನ್ನು ಮರೆಯದಿರಲಿ. ಆ ಜಾಗದಲ್ಲಿ ಸೈಟು ಕೊಳ್ಳುವವರು ಬೋರ್‌ವೆಲ್ ನೀರನ್ನು ಬೆಂಜೀನಿಗಾಗಿ ಒಮ್ಮೆ ಪರೀಕ್ಷೆ ಮಾಡಿಸಿ, ಆಮೇಲೆ ಕುಡಿಯಲಿ.