ಪೆನ್‌ಡ್ರೈವ್‌ರಹಿತ ಲಿನಕ್ಸ್ ಸ್ಥಾಪನೆ

ಪೆನ್‌ಡ್ರೈವ್, ಸಿ.ಡಿ.ಗಳ ನೆರವಿಲ್ಲದೆ, ಲ್ಯಾಪ್‌ಟಾಪಿನ ಹಾರ್ಡ್‌ಡಿಸ್ಕಿನಲ್ಲಿಯೇ ಇರಿಸಿದ ಐಎಸ್ಒ ಕಡತದಿಂದ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯನ್ನು ನೆಲೆಗೊಳಿಸುವ ವಿಧಾನ. 2008ರ ಏಪ್ರಿಲಿನಲ್ಲಿ ಉಬುಂಟು ಲಿನಕ್ಸ್ 8.04ರೊಡನೆ ದೊರೆತ ವೂಬಿ ಎಂಬ ತಂತ್ರಾಂಶವು ವಿಂಡೋಸಿನೊಳಗಣ ಒಂದು ಕಡತದಲ್ಲಿಯೇ ಉಬುಂಟುವನ್ನು ಸ್ಥಾಪಿಸಿ, ಡಿಸ್ಕಿನ ವಿಭಾಗಗಳನ್ನು ಬದಲಿಸಬೇಕೆಂಬ ಸಾಮಾನ್ಯರ ಭೀತಿಯನ್ನು ಬಹುಮಟ್ಟಿಗೆ ನೀಗಿದುದು ನಿಜಕ್ಕೂ ಶ್ಲಾಘ್ಯ. ಇಂದಿನ ಕ್ರಮದಲ್ಲಿ ಗ್ರಬ್ ಎಂಬ ಬೂಟ್‌ಲೋಡರು ಐಎಸ್ಒ ಕಡತವನ್ನು ಲೂಪ್‌ಬ್ಯಾಕ್ ಆದೇಶದಿಂದ ಡಿಸ್ಕಿನಂತೆ ತೆರೆದು, ಅದರೊಳಗಿನ ಕರ್ನೆಲನ್ನು ಸ್ಮೃತಿಗೆ ಏರಿಸುತ್ತದೆ; ಕಡತವಿರುವ ವಿಭಾಗವು ಸ್ಥಾಪನೆಯ ಕಾಲದಲ್ಲಿ ಬಳಕೆಯಲ್ಲಿರುವುದರಿಂದ ಆ ಕಡತಕ್ಕೆ ಪ್ರತ್ಯೇಕ ವಿಭಾಗವನ್ನು ಮೀಸಲಿಡುವುದು ಉಚಿತ. ಭಟ್ಕಳ, ಹೊನ್ನಾವರ, ಕುಮಟಾಗಳಂತೆ ಮುಂಗಾರಿನ ಬಿರುಮಳೆಗೆ ಕರೆಂಟು ಪದೇ ಪದೇ ಹೋಗುವ ಕರಾವಳಿಯ ಊರುಗಳಲ್ಲಿ, ಇದಕ್ಕಾಗಿ ಇರುವ ವಿಭಾಗದ ಗಾತ್ರವನ್ನು ಬದಲಿಸುವ ಕಾರ್ಯವು ನಡುವೆ ನಿಂತರೆ ದತ್ತಾಂಶವೇ ನಷ್ಟವಾಗುವ ಸಂಭವವುಂಟಾದ ಕಾರಣ, ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿಕೊಂಡು, ಕಡತಗಳ ಪ್ರತಿಯನ್ನು ಬೇರೆಡೆ ಇರಿಸಿಯೇ ತೊಡಗತಕ್ಕದ್ದು.